ಗುರುವಾರದ ಜಳಕ

ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಈ ವೇಷದಲ್ಲಿ ಗುರುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ನಿಲ್ಲುವ ಮನುಷ್ಯ ಇಡೀ ತಾರ್ನಾಕದಲ್ಲಿ ಒಬ್ಬನೇ. ಅವನು ಗುರುಶಾಂತ.

"ಆವೋ ಸ್ವಾಮಿ! ಆಜ್ ಕಿತ್ತೇ ಟಾಂಗಾಂ ಹೋನಾ?" ಎಂದು ಅಂಗಡಿಯ ಚಾಂದ್‌ಪಾಷಾ ನಗುತ್ತಿದ್ದ. ಇವತ್ತು ಎಷ್ಟು ಕಾಲು ಬೇಕು ಎಂಬ ಈ ಪ್ರಶ್ನೆ ಹದಿಮೂರು ವರ್ಷದಿಂದಲೂ ಬದಲಾಗಿರಲಿಲ್ಲ.

"ಆರು. ತೊಡಿ ಎಲುಬಿಗೆ ಚಾಕು ತಾಗಬಾರದು ನೋಡ್ ಭಾಯ್," ಎಂದು ಗುರುಶಾಂತ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳುತ್ತಿದ್ದ. ಹೇಳುವಾಗ ಲಿಂಗವನ್ನು ಅಂಗಿಯೊಳಗೆ ಸರಿಸಿಕೊಳ್ಳುತ್ತಿದ್ದ.

ಆ ಎಲುಬು ಅಡುಗೆಗಲ್ಲ. ಮುರಿದ ಕಾಲಿಗೆ ಹಾಕುವ ರಾಡು, ಪ್ಲೇಟುಗಳು ಎಷ್ಟು ಭಾರ ತಡೆಯುತ್ತವೆಂದು ನೋಡುವ ಪ್ರಯೋಗಾಲಯವೊಂದರಲ್ಲಿ ಅವನು ಅಟೆಂಡರ್. ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದವನಿಗೆ ಸಿಕ್ಕ ಮೊದಲ ಗಟ್ಟಿ ಕೆಲಸ ಅದು. ಕೆಲಸಕ್ಕೆ ಸೇರುವಾಗ ಪ್ರೊಫೆಸರ್ ಅರವಿಂದ್ ಅವರಿಗೆ ಅವನು ಹಾಕಿದ ಷರತ್ತು ಒಂದೇ: "ಸೋಮವಾರ ಒಂದು ಬಿಡ್ರಿ ಸರ್, ಉಳದ ದಿನ ಏನು ಹೇಳಿದ್ರೂ ಮಾಡ್ತೀನಿ." ಎಲುಬಿನ ಕೆಲಸ ಗುರುವಾರಕ್ಕೆ ಗೊತ್ತಾಯಿತು.

ಮೊದಮೊದಲು ಕಣ್ಣು ಮುಚ್ಚಿಯೇ ಎಲುಬು ತೊಳೆದ. ಬರಬರುತ್ತ ಅವನ ಕೈಗೆ ಅವುಗಳ ಗುಣ ತಿಳಿಯಿತು. ಒಣಗಿದ ಎಲುಬು ಭಾರ ಒತ್ತುವ ಯಂತ್ರದ ಮುಂದೆ ಸುಳ್ಳು ಹೇಳುತ್ತದೆ, ಬಿಸ್ಕೀಟಿನ ಹಾಗೆ ಟಪ್ಪನೆ ಮುರಿಯುತ್ತದೆ. ಅದಕ್ಕೇ ಉಪ್ಪುನೀರಲ್ಲಿ ನೆನೆದ ಬಟ್ಟೆ ಸುತ್ತಿ, ಬಾಣಂತಿಯನ್ನು ನೋಡಿಕೊಂಡಂತೆ ಜೋಪಾನ ಮಾಡಬೇಕು. ಹಸಿ ಎಲುಬು ಹಸಿ ಜೋಳದ ದಂಟಿನಂತೆ, ತುಸು ಬಾಗಿ ತಡೆದುಕೊಳ್ಳುತ್ತದೆ. ಮೇಲಿನಿಂದ ನೆಟ್ಟಗೆ ಒತ್ತಿದರೆ ಗಟ್ಟಿ, ತಿರುಚಿದರೆ ಸೋಲುತ್ತದೆ.

ಗುರುವಾರ ಸಂಜೆ ಪ್ರಯೋಗಾಲಯದ ಹಿಂದಿನ ನಲ್ಲಿಯಲ್ಲಿ ಎರಡೆರಡು ಸಲ ಸಾಬೂನು ಹಚ್ಚಿ ಮೈ ತೊಳೆದು, ಹೊಸದಾಗಿ ವಿಭೂತಿ ಧರಿಸಿ, ಮೆಟ್ರೋ ಹತ್ತಿ ಉಪ್ಪಲ್‌ನ ಮನೆಗೆ ಬರುತ್ತಿದ್ದ. ತಾಯಿ ಪಾರ್ವತೆಮ್ಮನಿಗೆ ಅದೇ ದೊಡ್ಡ ಹೆಮ್ಮೆ. "ನನ್ನ ಮಗ ಗುರುವಾರ ಎರಡು ಹೊತ್ತು ಜಳಕಾ ಮಾಡ್ತಾನ, ಚಳಿಗಾಲದಾಗೂ ತಪ್ಪಸಂಗಿಲ್ಲ. ಈ ಊರಾಗ ಅಂಥಾ ಶರಣರು ಎಲ್ಲಿ ಅದಾರ?" ಎಂದು ಓಣಿಗೆಲ್ಲ ಹೇಳುತ್ತಿದ್ದಳು. ಆ ಸ್ಟೀಲ್ ಡಬ್ಬಿ ತೊಳೆಯುವ ಹೆಂಡತಿ ರೇಣುಕಾಳಿಗೆ ನಿಜ ಗೊತ್ತಿತ್ತು. ಆಕೆ ಬಾಯಿ ಬಿಟ್ಟಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ ಪಾರ್ವತೆಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಎಲುಬು ಸೊಂಟದ ಹತ್ತಿರ ಮುರಿಯಿತು. ಆಪರೇಶನ್ ಮಾಡಿ ಟೈಟಾನಿಯಂ ರಾಡು ಹಾಕಿದರು. ಮರುದಿನವೇ ಡಾಕ್ಟರು, "ಎದ್ದು ನಿಲ್ಲಿ. ಭಾರ ಬಿದ್ದರೇ ಎಲುಬು ಕೂಡುತ್ತದೆ. ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ," ಎಂದರು. ಆಕೆ ಜಪ್ಪಯ್ಯ ಅನ್ನಲಿಲ್ಲ. ಮನೆಗೆ ಕರೆತಂದ ಮೇಲೂ ಹಾಸಿಗೆ ಬಿಡಲಿಲ್ಲ. ತನ್ನ ಅಕ್ಕ ಗದಿಗೆಮ್ಮನ ಪಾಡನ್ನು ಆಕೆ ಕಣ್ಣಾರೆ ಕಂಡಿದ್ದಳು. ರಾಡು ಗೀಡು ಇಲ್ಲದ ಆ ದಿನಗಳಲ್ಲಿ ಅವಳನ್ನು ಮುರಿದ ಕಾಲಿನ ಮೇಲೆಯೇ ಎತ್ತಿ ನಿಲ್ಲಿಸಿದ್ದರು. ಕಾಲು ಸೊಟ್ಟಗಾದವಳು ಮತ್ತೆ ಏಳಲೇ ಇಲ್ಲ.

"ಏನೂ ಆಗಂಗಿಲ್ಲಂತ ಡಾಕ್ಟರು ಹೇಳ್ಯಾರಲ್ರಿ ಅತ್ತಿ," ಎಂದಳು ರೇಣುಕಾ.

"ಮುರದದ್ದು ಡಾಕ್ಟರ ಕಾಲೇನು? ಏನೂ ಆಗಂಗಿಲ್ಲ ಅನ್ನಾಕ ಅವ್ರಿಗೇನ್ ಖರ್ಚೈತಿ?"

ಒಂಬತ್ತನೆಯ ದಿನ ಮೈ ಒರೆಸುವಾಗ ಬೆನ್ನ ಕೆಳಗೆ ಅಂಗೈಯಗಲ ಕೆಂಪಾದದ್ದನ್ನು ರೇಣುಕಾ ಕಂಡಳು. ಗಂಡನನ್ನು ಅಡುಗೆಮನೆಗೆ ಕರೆದಳು.

"ರಾಡಿನ ಬಗ್ಗೆ ನಿಮಗ ಗೊತ್ತಿದ್ದದ್ದು ಹೇಳಿಬಿಡ್ರಿ."

"ಹೇಳಿದ್ರ ನನ್ನ ಕೈಯಾಗಿನ ನೀರೂ ಕುಡಿಯಂಗಿಲ್ಲ ಆಕಿ."

"ನನ್ನ ಕೈಯಾಗ ಕುಡೀತಾರ ಬಿಡ್ರಿ. ಮಲಗಿದಲ್ಲೇ ಉಳದ್ರ ಏನ್ ಮಾಡ್ತೀರಿ?"

ಗುರುಶಾಂತ ಹೋಗಿ ಮಂಚದ ಪಕ್ಕ ಕೂತ.

"ಯವ್ವಾ, ನಾ ಗುರುವಾರ ಸಂಜಿಕ ಯಾಕ ಜಳಕಾ ಮಾಡ್ತೀನಿ ಗೊತ್ತೈತೇನು?"

"ಗುರುವಿನ ವಾರ ಅಲ್ಲೇನೋ."

"ಅಲ್ಲ ಯವ್ವಾ. ಎಲುಬು ಮುಟ್ಟಿರ್ತೀನಿ."

ಪಾರ್ವತೆಮ್ಮನ ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು.

"ಯಾವುದರ ಎಲುಬು?"

"ಆಡಿಂದು."

"ಎಷ್ಟು ವರ್ಷ ಆತು?"

"ಹದಿಮೂರು."

"ಸೋಮವಾರನೂ?"

"ಸೋಮವಾರ ಒಂದಿನಾನೂ ಇಲ್ಲ, ನಿನ್ನಾಣಿ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಶುರು ಮಾಡಿದ್ದನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಗುರುಶಾಂತ ಆ ತಿರುಗಿದ ಮುಖಕ್ಕೇ ಹೇಳುತ್ತ ಹೋದ.

"ನಿನ್ನ ತೊಡಿಯಾಗ ಐತಲ್ಲ, ಅಂಥಾದ್ದ ರಾಡು ನನ್ನ ಕೈಲೆ ಯಂತ್ರಕ್ಕ ಕಟ್ಟೀನಿ. ನಿನಗಿಂತ ದಪ್ಪ ಮನಿಶ್ಯಾ ನಡದಂಗ ಆರು ದಿನ, ಆರು ರಾತ್ರಿ ಒತ್ತೇತಿ ಯಂತ್ರ. ಹತ್ತು ಲಕ್ಷ ಹೆಜ್ಜಿ. ತಗದು ನೋಡಿದ್ರ ಕೂದಲೆಳಿಯಷ್ಟೂ ಬಿರುಕಿಲ್ಲ. ಮುರದ ರಾಡೂ ನೋಡೀನಿ, ಇಲ್ಲ ಅನ್ನಂಗಿಲ್ಲ. ಅವು ಬ್ಯಾರೆ ನಮೂನಿವು. ನಿಂದು ಅಂಥಾದ್ದಲ್ಲ. ನೆಟ್ಟಗ ಊರು, ತಿರುಚಬ್ಯಾಡ. ಅಷ್ಟ."

ಪಾರ್ವತೆಮ್ಮ ಹೊದಿಕೆಯ ಮೇಲಿಂದಲೇ ತನ್ನ ತೊಡೆ ತಡವಿದಳು.

"ಓಣಿ ತುಂಬ ಹೇಳಿಕೊಂಡು ತಿರುಗೀನಲ್ಲೋ, ನನ್ನ ಮಗ ಶರಣ ಅಂತ!"

ಹೊಸ್ತಿಲಲ್ಲಿ ನಿಂತಿದ್ದ ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ಆಕೆಗೇ ತಿಳಿಯಲಿಲ್ಲ.

"ಇಂಥಾದ್ದನ್ನ ಸುಳ್ಳು ಹೇಳಾಕ ಯಾರೂ ಬಾಯಿ ಬಿಡಂಗಿಲ್ಲ. ರಾಡಿನ ಮಾತೂ ಖರೇನ ಇರಬೇಕು," ಎಂದು ಪಾರ್ವತೆಮ್ಮ ಗೋಡೆಗೇ ಹೇಳಿದಳು. ಆಮೇಲೆ ಮುಖ ಈ ಕಡೆ ತಿರುಗಿಸಿದಳು. "ಆ ವಾಕರ್ ಈ ಕಡೆ ತಾ."

ಅವನು ತಂದಿಟ್ಟು ಕೈ ಚಾಚಿದ. ಆಕೆ ಆ ಕೈಯನ್ನು ಅಂಗೈ, ಉಗುರು ಎಲ್ಲ ನೋಡಿದಳು.

"ತೊಳಕೊಂಡಿಯೇನು?"

"ಇವತ್ತು ಮಂಗಳಾರ ಯವ್ವಾ."

"ಹೌದಲ್ಲ," ಎಂದು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಒಂದು ಪಾದ ನೆಲಕ್ಕಿಟ್ಟಳು. ಇನ್ನೊಂದಿಟ್ಟಳು. ಹಲ್ಲು ಕಚ್ಚಿ ಎದ್ದು ನಿಂತಳು. ಬೆವರು ಹಣೆಯ ವಿಭೂತಿಯನ್ನು ತೋಯಿಸಿ ಮೂಗಿನ ಮೇಲೆ ಇಳಿಸಿತು. ಎರಡು ಹೆಜ್ಜೆಗೆ ಸಾಕಾಯಿತು, ಕೂತುಬಿಟ್ಟಳು.

"ಹತ್ತು ಲಕ್ಷದಾಗ ಎರಡು ಆತು," ಎಂದಳು, ಏದುಸಿರಿನಲ್ಲೇ.

ಆ ಗುರುವಾರ ಗುರುಶಾಂತ ಎಂದಿನಂತೆ ತಾರ್ನಾಕದಲ್ಲೇ ಮೈ ತೊಳೆದು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

"ಏನೂ ಮುಟ್ಟಬ್ಯಾಡ! ಮೊದಲು ಜಳಕಾ. ನೀರು ಕಾದಾವ."

"ಅಲ್ಲೇ ಮಾಡಿ ಬಂದೀನಿ ಯವ್ವಾ."

"ಆ ತಣ್ಣೀರಿನ ಜಳಕಾ ಹದಿಮೂರು ವರ್ಷ ಮಾಡಿದ್ದು ಸಾಕು."

ಪಾರ್ವತೆಮ್ಮ ವಾಕರ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಮಂಚದಿಂದ ಅಲ್ಲಿಗೆ ಹದಿನಾಲ್ಕು ಹೆಜ್ಜೆ. ಅವನು ಆಕೆಯ ಪಾದಗಳನ್ನೇ ನೋಡುತ್ತ ನಿಂತ.

"ಏನ್ ನೋಡ್ತಿ? ನೆಟ್ಟಗ ಊರೀನಿ, ತಿರುಚಿಲ್ಲ. ಹೋಗು, ನೀರು ಆರ್ತಾವ."