ಸೀಬಿನಲ್ಲಿ ನಾನು ಎಸೆದ ಕತ್ತಿ

ಮೀಸೆ ಚಿಗುರುವ ಮೊದಲೇ ಮಂಗಳೂರಿನಲ್ಲಿ ಹುಲಿವೇಷ ಹಾಕಿದವನು ನಾನು. ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆದವನು. ಆ ಹಲ್ಲುಗಳ ಜಾಗದಲ್ಲಿ ಬಂದವು ಈಗ ರಾತ್ರಿ ಲೋಟದಲ್ಲಿ ಮಲಗುತ್ತವೆ, ಅದು ಬೇರೆ ವಿಷಯ.

ಒಮಾನಿನ ಸೀಬಿನಲ್ಲಿ ಮಗಳ ಬಾಡಿಗೆ ಮನೆ, ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನ, ನನ್ನದೇ ವಯಸ್ಸಿನ ಒಮಾನಿ ಮುದುಕ. ದಿನಾ ಸಂಜೆ ಅವನ ಕಾವಾ ಕಾಫಿ ಕುಡಿದು, ಹರಕು ಹಿಂದಿಯಲ್ಲಿ ನನ್ನ ಹುಲಿ ಕತೆ ಕೊಚ್ಚುತ್ತಿದ್ದೆ. ಒಮ್ಮೆ ಅವನ ಖರ್ಜೂರದ ತಟ್ಟೆಯಲ್ಲಿ ರಬ್ಬರ್ ಹಲ್ಲಿ ಇಟ್ಟೆ. ಕುಳಿತಲ್ಲಿಂದ ಮೊಳ ಎತ್ತರ ಹಾರಿದ. "ಈದ್ ಆನೇ ದೋ," ಎಂದು, ಹಬ್ಬ ಬರಲಿ ನೋಡಿಕೋ ಎಂಬಂತೆ ಬೆರಳಾಡಿಸಿದ.

ಈದಿನ ಮಾರನೆ ದಿನ ಬಯಲಲ್ಲಿ ರಜ್ಹಾ, ಅವರ ಕತ್ತಿ ಕುಣಿತ. ಎದುರುಬದುರು ಎರಡು ಸಾಲು ಗಂಡಸರು, ನಡುವೆ ಡೋಲು. ಒಬ್ಬೊಬ್ಬರೇ ಮುಂದೆ ಬಂದು ಕತ್ತಿಯನ್ನು ಆಕಾಶಕ್ಕೆಸೆದು, ಬೀಳುವಾಗ ಹಿಡಿಕೆಯಲ್ಲೇ ಹಿಡಿಯುತ್ತಾರೆ. ಮೊಮ್ಮಗಳನ್ನು ಕರೆದುಕೊಂಡು ಹೊರಟೆ.

"ಅಪ್ಪ, ಅಲ್ಲಿ ನಿಮ್ಮ ಮಂಗಾಟ ಬೇಡ ಮಾರಾಯ್ರೆ. ಮಗು ಉಂಟು ಜೊತೆಗೆ," ಎಂದಳು ಮಗಳು.

"ಹುಲಿಗೆ ಬುದ್ಧಿ ಹೇಳ್ತೀಯಾ ನೀನು?"

ಬಯಲಲ್ಲಿ ಮುದುಕ ತನ್ನ ಕತ್ತಿಯನ್ನೇ ನನ್ನ ಕೈಗಿಟ್ಟ. "ಯಲ್ಲಾ, ಶೇರ್ ಸಾಬ್!" ನಡಿ ಹುಲಿರಾಯ, ಅಂತ.

ಹಲ್ಲಿಯ ಸೇಡು ತೀರಿಸುತ್ತಿದ್ದಾನೆ, ಕತ್ತಿ ತಗಡಿನದು ಎಂದುಕೊಂಡೆ. ನಗುತ್ತ ಅಲಗಿನ ಮೇಲೆ ಹೆಬ್ಬೆರಳು ಸವರಿದೆ. ರಕ್ತ ಬಂತು.

ನಿಜವಾದ ಕತ್ತಿ. ಎರಡು ಸಾಲಿನ ಕಣ್ಣೂ ನನ್ನ ಮೇಲೆ. ವಾಪಸ್ ಕೊಟ್ಟುಬಿಡೋಣವೆಂದರೆ ಹಿಂದಿನಿಂದ ಮೊಮ್ಮಗಳ ಕೂಗು: "ಅಜ್ಜ, ಥ್ರೋ! ವಿಡಿಯೋ ಮಾಡ್ತಾ ಇದ್ದೇನೆ!" ಹುಲಿ ಕತೆ ಕೇಳಿಯೇ ಅನ್ನ ಉಂಡ ಮಗು.

ಎಸೆದೆ.

ಹುಲಿವೇಷದವನ ಕಣ್ಣು ಯಾವಾಗಲೂ ಜನರ ಮೇಲೆ. ಆ ಅಭ್ಯಾಸ ಹೋಗಿರಲಿಲ್ಲ. ಕತ್ತಿ ಮೇಲೇರುವಾಗ ನಾನು ಹಲ್ಲು ಕಿರಿದು ಎರಡೂ ಸಾಲು ನೋಡಿದೆ. ಮತ್ತೆ ತಲೆಯೆತ್ತಿದರೆ ಪಡುವಣದ ಸೂರ್ಯ ನೇರ ಕಣ್ಣಿಗೆ. ಕತ್ತಿ ಎಲ್ಲಿ? ಬರೀ ಬಿಳಿ ಉರಿ. ಮೇಲೆಲ್ಲೋ ಗಾಳಿ ಸೀಳುವ ಸದ್ದು. ಕೈ ತನ್ನಷ್ಟಕ್ಕೆ ಮೇಲೆದ್ದಿತು.

"ಪೀಛೆ!" ಎಂದು ಚೀರಿ ಮುದುಕ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದ. ಕತ್ತಿ ನೆಲಕ್ಕೆ ಬಡಿದು ಪುಟಿದು, ತಿರುಗುತ್ತ ಪಕ್ಕಕ್ಕೆ ಜಾರಿತು. ಆ ಪಕ್ಕದಲ್ಲಿ ಮೊಮ್ಮಗಳು. ವಿಡಿಯೋ ಚೆನ್ನಾಗಿ ಬರಲೆಂದು ಯಾವಾಗಲೋ ಸಾಲು ದಾಟಿ ಬಂದಿದ್ದಳು.

ಅವಳ ಚಪ್ಪಲಿಗೆ ಒಂದು ಗೇಣು ದೂರದಲ್ಲಿ ಅಲಗು ನಿಂತಿತು.

ಡೋಲೂ ನಿಂತಿತ್ತು. ಮುದುಕನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಓಡಿ ಹೋಗಿ ಕತ್ತಿ ಎತ್ತಿಕೊಂಡವನು ಒರೆಗೆ ಹಾಕಲು ಹೋಗಿ ಎರಡು ಸಲ ತಪ್ಪಿದ.

ಆಗ ಮೊಮ್ಮಗಳು ಕಿಲಕಿಲ ನಕ್ಕಳು. "ಅಜ್ಜ, ಬೇಕಂತಲೇ ಮಾಡಿದ್ದಲ್ವಾ? ಐ ನೋ ಯು! ಒನ್ಸ್ ಮೋರ್!"

ಅವಳ ನಗು ಕೇಳಿ ಸಾಲಿನವರೂ ನಕ್ಕರು. ಯಾರೋ ಶಭಾಷ್ ಎಂದರು. ಇಂಥ ಹೊಗಳಿಕೆ ಬೇರೆ ದಿನವಾದರೆ ಎರಡು ಕೈಯಲ್ಲಿ ಬಾಚಿಕೊಳ್ಳುತ್ತಿದ್ದೆ. ಅಂದು ನಾನು ಅವಳ ಮಣಿಕಟ್ಟು ಹಿಡಿದೆ, ಅಷ್ಟೆ.

"ಅಜ್ಜ, ನೋವಾಗ್ತದೆ!"

ಬೆರಳು ಸಡಿಲಿಸಲು ನೋಡಿದೆ, ಆಗಲಿಲ್ಲ. ಡೋಲು ಮತ್ತೆ ಶುರುವಾಯಿತು. ಬೆನ್ನು ಹಾಕಿ ಮನೆಯ ಕಡೆ ನಡೆದೆ, ಅವಳನ್ನು ಎಳೆದುಕೊಂಡೇ.