ಅರಸನ ಚಪ್ಪಲಿ ಕೇಳಿದವರು

ವೇದಿಕೆ ಹತ್ತುವ ಮೊದಲು ಅವರು ಮೇಲಿನ ಹಲ್ಲಿನ ಸೆಟ್ಟನ್ನು ಬಾಯಿಯಿಂದ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಸ್ಟೀಲಿನ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಡುತ್ತಿದ್ದರು. ಹಲ್ಲು ಇದ್ದಾಗ ಅವರು ಬಂದರಿನ ಒಂದು ಕಂಪೆನಿಯಲ್ಲಿ ದುಡಿದು ನಿವೃತ್ತರಾದ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ಬಿಳಿ ಕೂದಲು. ಹಲ್ಲು ತೆಗೆದ ಕೂಡಲೇ ಕೆನ್ನೆ ಎರಡೂ ಒಳಕ್ಕೆ ಹೋಗಿ, ಮೇಲ್ತುಟಿ ಮಡಚಿಕೊಂಡು, ಗಲ್ಲ ಮೂಗಿನ ಕಡೆಗೆ ಏರಿ, ಬೇರೆಯೇ ಮನುಷ್ಯ ನಿಂತಿರುತ್ತಿದ್ದ. ಒಂದು ಮಾತೂ ಆಡುವ ಮೊದಲೇ ಜನ ನಗಲು ಶುರು ಮಾಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅವರು ಕೊಟ್ಟಾರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಒಡಿಶಾದ ಗಂಜಾಂ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉಳ್ಳಾಲದ ಮೀನಿನ ಶೆಡ್ಡುಗಳಲ್ಲಿ ದುಡಿಯುವ ಅವರ ಊರಿನ ಹುಡುಗರು ಅವರನ್ನು ‘ಮೌಸಾ’ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮನ ಗಂಡ. ನಾವೂ ಹಾಗೆಯೇ ಕರೆದೆವು. ಅವರು ನನ್ನನ್ನು ‘ಮಾ’ ಎನ್ನುತ್ತಿದ್ದರು. ಮಗಳ ಪ್ರಾಯದವರನ್ನು ಅವರ ಕಡೆ ಹಾಗೆ ಕರೆಯುತ್ತಾರಂತೆ.

ಬೇಸಿಗೆಯಲ್ಲಿ ಅವರು ಹಿಂದಿನ ದಿನದ ಅನ್ನಕ್ಕೆ ನೀರು ಹಾಕಿಟ್ಟು ಹಸಿಮೆಣಸಿನ ಜೊತೆ ಉಣ್ಣುತ್ತಿದ್ದರು, ಅದಕ್ಕೊಂದು ಒಡಿಯಾ ಹೆಸರನ್ನೂ ಹೇಳುತ್ತಿದ್ದರು. ಅಮ್ಮ ಬಗ್ಗಿ ನೋಡಿ, “ಇದಕ್ಕೆಂತ ಅಷ್ಟು ದೊಡ್ಡ ಹೆಸರು ಮಾರಾಯ್ರೆ? ನಮ್ಮ ಗಂಜಿಯೇ ಅಲ್ವಾ, ನಿನ್ನೆಯದ್ದು!” ಎನ್ನುತ್ತಿದ್ದರು.

“ನಿಮ್ಮ ಗಂಜಿ ಜ್ವರ ಬಂದವರಿಗೆ ಅಕ್ಕ. ನಮ್ಮದು ಜ್ವರ ಬರಬಾರದು ಅಂತ,” ಎನ್ನುವುದು ಅವರ ಉತ್ತರ.

ಅವರ ನಿಜವಾದ ಕೆಲಸ ನಗೆನಾಟಕ ಬರೆಯುವುದು. ಜಾತ್ರಾ ಎಂದರೆ ಅವರಲ್ಲಿ ತೇರಲ್ಲ, ನಾಟಕ. ಅದರಲ್ಲಿ ‘ದುವಾರಿ’ ಎಂಬ ಪಾತ್ರ ಬರುತ್ತದೆ, ಅರಮನೆಯ ಬಾಗಿಲು ಕಾಯುವವನು. ನಮ್ಮ ಯಕ್ಷಗಾನದ ಹಾಸ್ಯಗಾರನ ಹಾಗೆ ಅವನಿಗೆ ಅರಸನನ್ನೂ ಕೆಣಕುವ ಸ್ವಾತಂತ್ರ್ಯ ಉಂಟು. ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ ವೇದಿಕೆಗೆ ಹೋಗುವ ದಾರಿ ಪ್ರೇಕ್ಷಕರ ನಡುವೆಯೇ ಹಾಯುತ್ತದೆ. ದುವಾರಿ ಹೋಗುತ್ತಾ ಬರುತ್ತಾ ಕೂತವರನ್ನೆಲ್ಲ ಮಾತಾಡಿಸಬಹುದು. ಬೈಸಿಕೊಂಡವನು ಸಿಟ್ಟಾಗುವ ಹಾಗಿಲ್ಲ.

ಮೌಸಾನಿಗೆ ಈ ವಿದ್ಯೆ ಕಲಿಸಿದವರು ಅವರ ಊರಿನ ಒಬ್ಬ ನಾಟಕಕಾರ. ಬಡ್ಡಿ ವ್ಯಾಪಾರಿಯೊಬ್ಬನನ್ನು ನಾಟಕದಲ್ಲಿ ಹೆಗ್ಗಣ ಮಾಡಿದ್ದಕ್ಕೆ ಅವನ ಜನ ಬಂದು ಅವರ ಬಲಗೈ ಮುರಿದರಂತೆ. ಆಮೇಲೆ ಅವರು ಹೇಳುತ್ತಾ ಹೋದರು, ಹುಡುಗನಾಗಿದ್ದ ಮೌಸಾ ಬರೆದುಕೊಳ್ಳುತ್ತಾ ಹೋದರು. “ಕೈ ಹೋದ ಮೇಲೆ ಅವರ ನಾಟಕ ಇನ್ನೂ ಚಂದ ಆಯ್ತು ಮಾ. ಬಾಯಲ್ಲಿ ಹೇಳುವಾಗ ಉದ್ದುದ್ದ ಮಾತು ಬರುವುದಿಲ್ಲ.” ನಾನು ನಕ್ಕಿದ್ದೆ. ಅದನ್ನು ಅವರು ನನಗೆ ಎಚ್ಚರಿಕೆಯಾಗಿ ಹೇಳಿದರೋ, ತಮಗೆ ತಾವೇ ಧೈರ್ಯ ಹೇಳಿಕೊಂಡರೋ, ಈಗ ಯೋಚಿಸುತ್ತೇನೆ. ಇನ್ನೊಂದು ಮಾತನ್ನೂ ಹೇಳುತ್ತಿದ್ದರು: “ನಗುವವರನ್ನು ನೋಡಬೇಡ. ನಗದೆ ಕೂತವನು ಯಾರು, ಅವನನ್ನು ನೋಡು.”

ಉಳ್ಳಾಲದ ಹುಡುಗರನ್ನು ಊರಿಂದ ಕರೆತಂದು ಶೆಡ್ಡುಗಳಿಗೆ ಸೇರಿಸುವವನು ಅವರದೇ ಜಿಲ್ಲೆಯವನು. ಹುಡುಗರು ಅವನನ್ನು ‘ಸರ್ದಾರ’ ಎನ್ನುತ್ತಿದ್ದರು. ರೈಲಿಳಿದ ದಿನವೇ ಅವನು ಎಲ್ಲರ ಆಧಾರ್ ಕಾರ್ಡು ತೆಗೆದುಕೊಂಡು, “ಕಳೆದುಹೋಗ್ತದೆ, ನನ್ನ ಹತ್ತಿರ ಇರಲಿ,” ಎಂದು ಬೀಗ ಹಾಕಿಡುತ್ತಿದ್ದ. ಕಾರ್ಡಿಲ್ಲದವನು ಬೇರೆ ಕೆಲಸಕ್ಕೆ ಸೇರುವ ಹಾಗಿಲ್ಲ, ಊರಿಗೆ ಹೋಗುವ ಹಾಗೂ ಇಲ್ಲ. ಓಡಿಹೋಗಲು ನೋಡಿದ ಒಬ್ಬನನ್ನು ರೈಲ್ವೆ ಸ್ಟೇಷನ್ನಿನ ಹೊರಗೆ ಹಿಡಿದು ಹೊಡೆದಿದ್ದರು. ಅವನು ಮೌಸಾನ ಕೋಣೆಗೆ ಬಂದಾಗ ನಾನೇ ಅವನ ತುಟಿಗೆ ಮುಲಾಮು ಹಚ್ಚಿದೆ. ನಾನು ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹುಡುಗರ ಪಾಲಿಗೆ ಡಾಕ್ಟರೇ ಆಗಿದ್ದೆ.

ಪೊಲೀಸಿಗೆ ಹೇಳೋಣ ಎಂದೆ. ಹುಡುಗ ನೆಲ ನೋಡಿದ. ಮೌಸಾ ಆ ವಾರ ನಾಟಕ ಬರೆದರು.

ಕಥೆ ಸಣ್ಣದು. ಒಬ್ಬ ಅರಸ ಪ್ರಜೆಗಳ ಎಡಗಾಲಿನ ಚಪ್ಪಲಿಗಳನ್ನೆಲ್ಲ ಕಳ್ಳರ ಭಯವೆಂದು ಖಜಾನೆಯಲ್ಲಿಡುತ್ತಾನೆ. ಇಡೀ ರಾಜ್ಯವೇ ಕುಂಟುತ್ತದೆ. ಮದುಮಗ ಕುಂಟುತ್ತಾ ಮದುವೆಗೆ ಬರುತ್ತಾನೆ, ಸೈನ್ಯ ಕುಂಟುತ್ತಾ ಯುದ್ಧಕ್ಕೆ ಹೋಗುತ್ತದೆ. ಕೊನೆಗೆ ದುವಾರಿ ಬಾಗಿಲಲ್ಲಿ ಅರಸನನ್ನೇ ತಡೆದು ಅವನ ಚಪ್ಪಲಿ ತೆಗೆಸುತ್ತಾನೆ. ಅರಸನಿಗೆ ಬುದ್ಧಿ ಬಂದು ಎಲ್ಲರ ಚಪ್ಪಲಿ ಕೊಡುತ್ತಾನೆ. ದುವಾರಿ ಅರಸನ ಚಪ್ಪಲಿಯನ್ನು ಅವನಿಗೆ ವಾಪಸು ಕೊಡುತ್ತಾನೆ.

ಉಳ್ಳಾಲದ ಒಂದು ಮದುವೆ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ ಆಟ. ನಾನು ಬದಿಯಲ್ಲಿ ಹಾಡು ಹಾಕುವ ಸ್ಪೀಕರ್ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದೆ, ಮಡಿಲಲ್ಲಿ ಅವರ ಹಲ್ಲಿನ ಡಬ್ಬಿ. ಸರ್ದಾರ ಯಾರೂ ಕರೆಯದಿದ್ದರೂ ಬಂದು ಮುಂದಿನ ಸಾಲಿನಲ್ಲಿ ಕೂತ. ಹೊಳೆಯುವ ಕಂದು ಬೂಟು ಹಾಕಿದ್ದ. ಅರಸನ ಪಾತ್ರದ ಹುಡುಗ ಅವನನ್ನು ಕಂಡವನೇ ಚೌಕಿಯ ಹಿಂಬಾಗಿಲಿನಿಂದ ಓಡಿಹೋದ.

ಅರಸನಿಲ್ಲದೆ ಆಟ ನಡೆಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯ ದೃಶ್ಯಕ್ಕೆ ಮೌಸಾ ವೇದಿಕೆ ಇಳಿದರು, ಪ್ರೇಕ್ಷಕರ ನಡುವಿನ ದಾರಿಯಲ್ಲಿ ಕುಂಟುತ್ತಾ ಬಂದು ಸರ್ದಾರನೆದುರು ಮೊಣಕಾಲೂರಿ ಕೂತರು. “ಮಹಾರಾಜ, ಎಡಗಾಲು,” ಎಂದರು.

ಇಡೀ ಹಾಲ್ ಚಪ್ಪಾಳೆಯಿಂದ ತುಂಬಿಹೋಯಿತು. ಎದ್ದು ಹೋದರೆ ತಾನೇ ಆ ಅರಸನೆಂದು ಒಪ್ಪಿದ ಹಾಗೆ. ಸರ್ದಾರ ನಗುತ್ತಾ ಕಾಲು ಚಾಚಿದ. ಮೌಸಾ ಬೂಟನ್ನು ತಲೆಯ ಮೇಲಿಟ್ಟುಕೊಂಡು ವೇದಿಕೆಗೆ ಹೋದರು. ಸರ್ದಾರ ಕೈ ಚಾಚಿ, ತಮಾಷೆಯ ದನಿಯಲ್ಲೇ, “ಆಯ್ತಲ್ಲ ಮೌಸಾ, ಕೊಡಿ ಇತ್ತ,” ಎಂದ.

ಆಗ ಬರೆಯದ ಮಾತೊಂದನ್ನು ಅವರು ಮೆಲ್ಲಗೆ ಹೇಳಿದರು: “ಮೊದಲು ನಮ್ಮದು, ಮಹಾರಾಜ.”

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ, “ಮೊದಲು ನಮ್ಮದು,” ಎಂದ. ಇನ್ನೊಬ್ಬ ಎಂದ. ಆಮೇಲೆ ಇಡೀ ಹಾಲೇ ಎಂದಿತು. ಸರ್ದಾರ ಒಂದೇ ಬೂಟಿನಲ್ಲಿ ಬಾಗಿಲಿನವರೆಗೆ ನಡೆದು ಹೋದ. ಕಾರು ಹತ್ತುವಾಗಲೂ ಮುಖದ ನಗು ತೆಗೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಕಡೆಯವನೊಬ್ಬ ನಮ್ಮ ಗೇಟಿಗೆ ಬಂದು ಪ್ಲಾಸ್ಟಿಕ್ ಚೀಲ ಕೊಟ್ಟು, ಬೂಟು ತೆಗೆದುಕೊಂಡು ಹೋದ. ಚೀಲದಲ್ಲಿ ಎಲ್ಲರ ಕಾರ್ಡು. ನಾನು ಕುಣಿದಾಡಿದೆ. ಮೌಸಾ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಜಗಳ ಮಾಡದೆ ಕೊಟ್ಟ ಮಾ. ಅಂದರೆ ಅವನಿಗೆ ಇದು ಬೇಡ. ಬೇರೆ ಎಂತದೋ ಬೇಕು.”

ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ ಊರಿಗೆ ಕಳಿಸಲು ಶುರು ಮಾಡಿದರು. ಅಷ್ಟರಲ್ಲಿ ನಮ್ಮ ಓಣಿಯ ತುದಿಯಲ್ಲಿ ಒಂದು ಜೀಪು ನಿಲ್ಲತೊಡಗಿತು. ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಇಲ್ಲದ ದಿನವೇ ಹೆಚ್ಚು ಹೆದರಿಕೆಯಾಗುತ್ತಿತ್ತು.

ಅಮ್ಮ ಬೇಡಿಕೊಂಡರು. “ನೀವೂ ಹೋಗಿ ಮಾರಾಯ್ರೆ. ನಿಮಗೆಂತ ಹುಚ್ಚಾ? ಸಾಮಾನು ಎಲ್ಲ ನಾನು ಕಳಿಸ್ತೇನೆ.”

“ನಾನು ಮೊದಲು ಹೋದರೆ ಉಳಿದವರು ಇಲ್ಲಿಯೇ ಸಿಕ್ಕಿಬೀಳ್ತಾರೆ ಅಕ್ಕ. ದುವಾರಿ ಯಾವತ್ತಾದ್ರೂ ಮೊದಲು ಮನೆಗೆ ಹೋದದ್ದು ಉಂಟಾ?”

ಕೊನೆಯ ಗುಂಪನ್ನು ರೈಲು ಹತ್ತಿಸಿದ ದಿನ ನನ್ನ ಪಾಳಿ ಮುಗಿದಿತ್ತು. ಸ್ಟೇಷನ್ನಿನಿಂದ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಾಡು ಗುಣುಗುತ್ತಿದ್ದರು. ಕೊಟ್ಟಾರದ ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಏನೋ ಸ್ಕೂಟರಿಗೆ ತಾಗಿತು, ಬಹಳ ಮೆಲ್ಲಗೆ, ಗುಂಪಿನಲ್ಲಿ ಯಾರೋ ಭುಜ ತಾಗಿಸಿದ ಹಾಗೆ. ಕನ್ನಡಿಯಲ್ಲಿ ಜೀಪು ಕಂಡಿತು. ಎರಡನೇ ಸಲ ತಾಗಿದಾಗ ನಾನು ಚರಂಡಿಯ ಅಂಚಿಗೆ ಬಂದಿದ್ದೆ.

“ನಿಲ್ಲಿಸು ಮಾ.”

“ಬೇಡ ಮೌಸಾ, ಹಿಡ್ಕೊಳ್ಳಿ!”

“ನಿಲ್ಲಿಸು. ಅವರಿಗೆ ನೀನು ಬೇಡ.”

ನಾನು ನಿಲ್ಲಿಸಲಿಲ್ಲ. ವೇಗ ತಗ್ಗಿತಷ್ಟೇ, ಅವರು ಇಳಿದೇಬಿಟ್ಟರು. ನಾನು ಬ್ರೇಕು ಹಾಕಿ ತಿರುಗಿದೆ. ಜೀಪು ಸ್ವಲ್ಪ ಹಿಂದೆ ನಿಂತಿತು. ಅವರು ಅಂಗಿ ಸರಿಮಾಡಿಕೊಂಡು ಅದರ ಮುಂದೆ ಹೋಗಿ, ಬಸ್ಸು ನಿಲ್ಲಿಸುವವರ ಹಾಗೆ ಕೈಯೆತ್ತಿ, ವೇದಿಕೆಯ ದುವಾರಿಯ ದನಿಯಲ್ಲಿ ಮಾತು ಎಳೆಯುತ್ತಾ ಕೂಗಿದರು: “ಈ ಬಸ್ಸು ಉಳ್ಳಾಲಕ್ಕೆ ಹೋಗ್ತದಾ ಮಾರಾಯ್ರೆ? ಕಿಟಕಿ ಸೀಟು ಉಂಟಾ?”

ರಸ್ತೆ ಬದಿಯ ಅಂಗಡಿಯಿಂದ ಒಂದಿಬ್ಬರು ತಿರುಗಿ ನೋಡಿದರು. ಜೀಪಿನ ಡ್ರೈವರಿಗೆ ನಗು ಬಂತು. ತಡೆಯಲಾಗದೆ ಬಂದ ನಗು, ತುಟಿಯ ಎಡಬದಿ ಮೇಲಕ್ಕೆ ಎಳೆದುಕೊಂಡಿತು. ಬದುಕಿದೆವು ಎಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ಆ ನಗು ಮುಖದಲ್ಲಿರುವಾಗಲೇ ಅವನು ಗೇರು ಹಾಕಿದ.

ಉಳಿದದ್ದನ್ನು ಬರೆಯಲಾರೆ. ಅತ್ತಾವರ ಮುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಈಗಲೂ ಹಿಂದಿನಿಂದ ಯಾರಾದರೂ ಮೆಲ್ಲಗೆ ತಾಗಿದರೆ ನನ್ನ ಕೈ ಬ್ರೇಕು ಹುಡುಕುತ್ತದೆ.

ಮೊದಲು ಅಪಘಾತವೆಂದು ಬರೆದುಕೊಂಡರು. ನಾನು ಒಪ್ಪಲಿಲ್ಲ. ಅಂಗಡಿಯ ಕ್ಯಾಮೆರಾದಲ್ಲಿ ಜೀಪು ಸಿಕ್ಕಿತು, ಒಳಗಿದ್ದವರ ಮುಖ ಸಿಗಲಿಲ್ಲ. ಕೆಲವರನ್ನು ಹಿಡಿದರು. ಡ್ರೈವರ್ ಯಾರೆಂದು ಹೇಳಬಲ್ಲವಳು ನಾನೊಬ್ಬಳೇ. “ಕಾಣಲಿಲ್ಲ ಅಂತ ಹೇಳು ಮಗಾ, ನಿನ್ನ ದಮ್ಮಯ್ಯ,” ಎಂದು ಅಮ್ಮ ರಾತ್ರಿಯೆಲ್ಲ ಅತ್ತರು.

ಗುರುತು ಹಿಡಿಯಲು ಜೈಲಿನಲ್ಲಿ ಅವರನ್ನು ಬೇರೆ ಕೈದಿಗಳ ಜೊತೆ ಸಾಲಾಗಿ ನಿಲ್ಲಿಸಿದ್ದರು. ಒಂದೇ ಎತ್ತರ, ಒಂದೇ ಪ್ರಾಯ, ಎಲ್ಲ ಮುಖವೂ ಕಲ್ಲು. ನಾನು ಕಂಡದ್ದು ನಗುವ ಮುಖ. ಅಲ್ಲಿ ಯಾರೂ ನಗುತ್ತಿರಲಿಲ್ಲ. ಸಾಲಿನುದ್ದಕ್ಕೂ ಒಮ್ಮೆ ಹೋದೆ, ಮತ್ತೆ ಬಂದೆ. ಸಿಗಲಿಲ್ಲ. ಗುರುತು ಪರೇಡು ನಡೆಸುತ್ತಿದ್ದ ತಹಶೀಲ್ದಾರರು, “ಗೊತ್ತಾಗದಿದ್ರೆ ಪರವಾಗಿಲ್ಲಮ್ಮ, ಹಾಗೇ ಬರೀತೇನೆ,” ಎಂದರು.

ಅವರು ತಡೆಯುವ ಮೊದಲೇ, ಮೌಸಾನ ಆ ದನಿಯಲ್ಲಿ, ಅದೇ ಎಳೆತದಲ್ಲಿ, ಸಾಲಿನ ಎದುರು ನಿಂತು ಕೇಳಿದೆ: “ಈ ಬಸ್ಸು ಉಳ್ಳಾಲಕ್ಕೆ ಹೋಗ್ತದಾ ಮಾರಾಯ್ರೆ?”

ಎಲ್ಲರೂ ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ಕೊನೆಯಿಂದ ಎರಡನೆಯವನ ತುಟಿಯ ಎಡಬದಿ ಮಾತ್ರ ಮೇಲಕ್ಕೆ ಎಳೆದುಕೊಂಡಿತು.

ನಾನು ಅವನತ್ತ ಬೆರಳು ತೋರಿಸಿದೆ. ಅವನ ನಗು ಇಳಿದು, ಕಣ್ಣು ನನ್ನ ಮೇಲೆ ನಿಂತಿತು. ತಹಶೀಲ್ದಾರರು ಅವನ ಹೆಸರು ಬರೆದು ಮುಗಿಸುವವರೆಗೆ ನಾನು ಕೈ ಕೆಳಗಿಳಿಸಲಿಲ್ಲ.