ವಿಭೂತಿ ಧರಿಸಿದ ಕಂಪ್ಯೂಟರಿನ ಪತ್ರವ್ಯವಹಾರ

ನಮ್ಮ ಮನೆಯ ಕಂಪ್ಯೂಟರು ಜಗಳೂರಿನ ಒಬ್ಬ ಗೌರವಸ್ಥರಿಗೆ ಬೋಳುತಲೆಯಲ್ಲಿ ಕೂದಲು ಬರಿಸುವ ಎಣ್ಣೆಯನ್ನು ಶಿಫಾರಸು ಮಾಡಿದ ಸಂಗತಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಅಪರಾಧ ನಡೆದು ಆರು ದಿನಗಳಾಗಿದ್ದವು. ಆ ಗೌರವಸ್ಥರು ನನ್ನ ತಂಗಿಯ ಮಗಳನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದವರು. ಅವರ ಮಗನಿಗೆ ನೆತ್ತಿಯ ಮೇಲೆ ಕೂದಲು ಕಡಿಮೆ. ನನ್ನ ಅವಸ್ಥೆ ತಿಳಿಯಲು ಇಷ್ಟು ಸಾಕು.

ನಾನು ಹೊನ್ನಾಳಿಯಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನು. ಮೊಬೈಲಿನಲ್ಲಿ ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುವ ಪದ್ಧತಿ ನನಗೆ ಸೇರದು. ನಾನು ಬರೆಯುವುದು ಪತ್ರ, ಅಂದರೆ ಇಮೇಲು. ಚನ್ನಗಿರಿಯ ತಂಗಿಯಿಂದ ಹಿಡಿದು ಉಬ್ರಾಣಿಯ ದೊಡ್ಡಪ್ಪನ ಮಕ್ಕಳವರೆಗೆ ಎಲ್ಲರ ವಿಳಾಸಗಳನ್ನೂ ಒಂದೇ ಪಟ್ಟಿಯಲ್ಲಿ ಇಟ್ಟುಕೊಂಡು ಹಬ್ಬಹಬ್ಬಕ್ಕೂ ಒಕ್ಕಣೆ ಸಮೇತ ಬರೆಯುತ್ತೇನೆ. ಹಿರಿಯರ ಪತ್ರಕ್ಕೆ ಉತ್ತರ ಬರೆಯದಿರುವುದು ಅಸಭ್ಯತೆ ಎಂದು ಅವರಿಗೆಲ್ಲ ವರ್ಷಗಟ್ಟಲೆ ಬೋಧಿಸಿದ್ದೆ. ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿದೆ ಎಂಬುದು ಮಾತ್ರ ಆಮೇಲೆ ಗೊತ್ತಾಯಿತು.

ಜಗಳೂರಿನ ಸಂಬಂಧ ಕುದುರಿ, ದೀಪಾವಳಿ ಕಳೆದ ಮೇಲೆ ವೀಳ್ಯಶಾಸ್ತ್ರ ಎಂದು ನಿಶ್ಚಯವಾಯಿತು. ಭಾವಿ ಬೀಗರನ್ನೂ ಪಟ್ಟಿಗೆ ಸೇರಿಸಿಕೊಂಡೆ. ಜಾತಕ ತೋರಿಸಲು ಜೋಯಿಸರ ಮನೆಗೆ ಅಲೆಯುವುದೇಕೆಂದು, ಪುಕ್ಕಟೆಯಾಗಿ ಸಾಲಾವಳಿ ಹೇಳುವ ಒಂದು ಪ್ರೋಗ್ರಾಮನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಇಳಿಸುವಾಗ ಯಂತ್ರವು ಕೆಂಪು ಅಕ್ಷರಗಳಲ್ಲಿ ಮೂರು ಸಲ ಬೇಡವೆಂದಿತು. ಶುಭಕಾರ್ಯಕ್ಕೆ ಅಡ್ಡಗಾಲು ಹಾಕುವವರು ಎಲ್ಲ ಕಡೆಯೂ ಇರುತ್ತಾರೆಂದುಕೊಂಡು, ವೈರಸ್ ಕಾಯುವ ಆ ಕಾವಲುಗಾರನನ್ನೇ ನಿಲ್ಲಿಸಿಬಿಟ್ಟೆ. ಪ್ರೋಗ್ರಾಮು ಹುಡುಗ ಹುಡುಗಿಯ ಹೊಂದಾಣಿಕೆ ಅತ್ಯುತ್ತಮ ಎಂದಿತು. ಪರೀಕ್ಷೆಗಾಗಿ ನನ್ನದೂ ನನ್ನ ಹೆಂಡತಿಯದೂ ಜಾತಕ ಹಾಕಿದೆ. ಅದಕ್ಕೂ ಅತ್ಯುತ್ತಮ ಎಂದಿತು. ನನಗೆ ಸಂಶಯ ಬರಬೇಕಾಗಿದ್ದುದು ಆಗಲೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕುಡುಗೋಲಿನಿಂದ ಮಿಕ್ಸಿಯವರೆಗೆ ಸಕಲಕ್ಕೂ ಪೂಜೆ. ಪೂಜೆಯಾದ ಮೇಲೆ ಮಾರನೆಯ ಬೆಳಗಿನ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಚಟ್ನಿ ಬೇಕಾದವರು ಮೊದಲೇ ಅರೆದಿಟ್ಟುಕೊಳ್ಳಬೇಕು. ನಾನು ಕಂಪ್ಯೂಟರಿನ ಪರದೆಯ ಮೇಲೆ ಶಿವನ ಚಿತ್ರ ಬರಿಸಿ, ಕೆಳಗಿನ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿ ಮಂಗಳಾರತಿ ಮಾಡಿದೆ. ಆರಿಸೋಣವೆಂದರೆ ಮುಟ್ಟುವಂತಿಲ್ಲ. ಹಾಗೇ ಬಿಟ್ಟೆ. ನಾವೆಲ್ಲ ಹೋಳಿಗೆ ಉಂಡು ಅಡ್ಡಾಗಿದ್ದಾಗ, ಮನೆಯಲ್ಲಿ ಅವನೊಬ್ಬ ಹಾರ ಹಾಕಿಕೊಂಡು ಹಗಲೆಲ್ಲ ದುಡಿದ.

ಮೂರನೆಯ ದಿನದಿಂದ ಉತ್ತರಗಳು ಬರತೊಡಗಿದವು. ಉಬ್ರಾಣಿಯ ತಮ್ಮ ಸಾಷ್ಟಾಂಗ ನಮಸ್ಕಾರಗಳೊಂದಿಗೆ, ತಾವು ತಿಳಿಸಿದ ಎಣ್ಣೆ ಹೊನ್ನಾಳಿಯಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿದ್ದ. ಬಸವಾಪಟ್ಟಣದ ಅತ್ತೆ, ಅದನ್ನು ಹೆಂಗಸರೂ ಹಚ್ಚಬಹುದೇ ಎಂದು ಮೊಮ್ಮಗಳ ಕೈಲಿ ಬರೆಸಿದ್ದರು. ಯಾವ ಎಣ್ಣೆ, ಏನು ಕಥೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಜಗಳೂರಿನಿಂದ ಉತ್ತರವಿರಲಿಲ್ಲ. ಆರನೆಯ ದಿನ ತಂಗಿಯ ಮಗಳು ಫೋನು ಮಾಡಿದಳು.

"ಮಾವ, ಏನು ಬರ್ದಿದೀಯ ಅವರಿಗೆ? ವೀಳ್ಯ ಸದ್ಯಕ್ಕೆ ಬ್ಯಾಡ ಅಂತ ಹೇಳಿ ಕಳಿಸ್ಯಾರೆ."

ನಾನು ಏನೂ ಬರೆದಿಲ್ಲವೆಂದೆ. ಅವಳು ತಮ್ಮ ಮನೆಗೂ ಬಂದಿದ್ದ ಎಣ್ಣೆಯ ಪತ್ರವನ್ನು ಸಾದ್ಯಂತ ಓದಿ ಹೇಳಿ, ಕೊನೆಗೆ ಅಂದಳು: "ಆ ತಲೆ ನೋಡೇ ನಾನು ಒಪ್ಪಿದ್ದು. ನಿನಗ್ಯಾಕೆ ಬೇಕಿತ್ತು ಅದರ ಉಸಾಬರಿ?"

ಮಾರನೆಯ ಬೆಳಿಗ್ಗೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನ್ಯಾಮತಿಯ ಬಸ್ಸು ಹತ್ತಿದೆ. ವಿಭೂತಿ ಹಾಗೇ ಇದ್ದುದರಿಂದ ಒಬ್ಬ ಮುದುಕಿ ಕೈಮುಗಿದು ಜಾಗ ಬಿಟ್ಟುಕೊಟ್ಟಳು. ನ್ಯಾಮತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಅರ್ಧ ಗಂಟೆ ಅದರ ಹೊಟ್ಟೆಯನ್ನೆಲ್ಲ ಶೋಧಿಸಿ, ನಾನು ಹಿಂದೆ ಅವಳ ಉತ್ತರಪತ್ರಿಕೆ ನೋಡುತ್ತಿದ್ದ ಮುಖದಲ್ಲೇ ನನ್ನನ್ನು ನೋಡಿದಳು.

"ಸಾರ್, ಇದು ನಿಮ್ಮ ಮನ್ಯಾಗೆ ಕೂತು ಇನ್ಯಾರದೋ ಚಾಕರಿ ಮಾಡಾಕೆ ಹತ್ತೈತೆ."

ಸಾಲಾವಳಿಯ ಜೊತೆಗೇ ಕಳ್ಳ ಪ್ರೋಗ್ರಾಮೊಂದು ಒಳಗೆ ಬಂದಿತ್ತಂತೆ. ಯಾವ ದೇಶದಲ್ಲೋ ಕೂತವನು ಹೀಗೆ ಊರೂರಿನ ಮನೆಗಳ ಯಂತ್ರಗಳನ್ನು ವಶಮಾಡಿಕೊಂಡು, ಅವುಗಳಿಂದ ಜಾಹೀರಾತಿನ ಪತ್ರ ಹಾಕಿಸುತ್ತಾನಂತೆ. ನನ್ನ ಬಂಧುಗಳಿಗಷ್ಟೇ ಅಲ್ಲ, ಗುರುತು ಪರಿಚಯವಿಲ್ಲದ ಎಷ್ಟೋ ಮಂದಿಗೂ ಪತ್ರ ಹೋಗಿತ್ತು. ಬದುಕಿಡೀ ಬರೆದರೂ ನನಗೆ ಅಷ್ಟು ಓದುಗರು ಸಿಕ್ಕಿರಲಿಲ್ಲ. ಅವಳು ಎಲ್ಲವನ್ನೂ ಅಳಿಸಿ, ಕಾವಲುಗಾರನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಟ್ಟಳು.

ಎರಡು ದಿನ ಬಿಟ್ಟು ಜಗಳೂರಿಗೆ ಹೋದೆ. ಬೀಗರಾಗಬೇಕಾದವರು ಜಗುಲಿಯ ಮೇಲೆ ಕೂತಿದ್ದರು. ಕೂರಲು ಕುರ್ಚಿ ತೋರಿಸಿದರು. ಕುಡಿಯಲು ನೀರು ಬರಲಿಲ್ಲ. ನಾನು ನ್ಯಾಮತಿಯಲ್ಲಿ ಕಲಿತದ್ದನ್ನೆಲ್ಲ ಬಿಡಿಸಿ ಹೇಳಿದೆ. ಕಳ್ಳರು ಯಂತ್ರದೊಳಗೆ ಹೊಕ್ಕಿದ್ದರೆಂದೆ. ಅವರು ತಾಳ್ಮೆಯಿಂದ ಕೇಳಿದರು.

"ಮನೆಗೆ ನುಗ್ಗಿದ ಕಳ್ಳರು ಏನೂ ಮುಟ್ಟದೆ, ನನ್ನ ಮಗನ ತಲೆ ಬಗ್ಗೆ ಒಂದು ಕಾಗದ ಬರ್ದು ಹೋದ್ರಾ, ಮೇಷ್ಟ್ರೆ?"

ತಂಗಿಯ ಮಗಳ ದನಿ ಕಿವಿಯಲ್ಲಿತ್ತು. ನಾನು ಅಂಗಳದ ಕಡೆ ನೋಡಿದೆ. ಅಲ್ಲಿ ಅವರ ಟ್ರ್ಯಾಕ್ಟರು ನಿಂತಿತ್ತು. ಬಾನೆಟ್ಟಿನ ಮೇಲೆ ಮಾಸಿದ ವಿಭೂತಿ, ಒಣಗಿದ ಚೆಂಡುಹೂವಿನ ಹಾರ.

ಆ ಪತ್ರ ಬಂದ ದಿನ ಯಾವುದೆಂದು ದಯವಿಟ್ಟು ಮೊಬೈಲಿನಲ್ಲಿ ನೋಡಬೇಕೆಂದು ಕೇಳಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಪರದೆಯನ್ನು ತೀಡುತ್ತಾ ತೀಡುತ್ತಾ ಹುಡುಕಿದರು. ಆಯುಧಪೂಜೆ, ಮಧ್ಯಾಹ್ನ ಎರಡು ಗಂಟೆ.

"ಅವತ್ತು ಮಧ್ಯಾಹ್ನ ನೀವು ಟ್ರ್ಯಾಕ್ಟರು ಹೊರಗೆ ತೆಗೆದಿದ್ರಾ, ಯಜಮಾನ್ರೆ?"

"ಪೂಜೆ ಆದ ಮ್ಯಾಲೆ ಅದನ್ಯಾರು ಮುಟ್ತಾರ್ರಿ," ಎಂದರು ಬೇಸರದಿಂದ. ಅಂದವರು ಮೊಬೈಲನ್ನು ಮತ್ತೊಮ್ಮೆ ನೋಡಿದರು.

"ನಿಮ್ಮ ಕಂಪ್ಯೂಟರಿಗೂ ಪೂಜೆ ಮಾಡಿದ್ರಾ?"

"ವಿಭೂತಿ ಇನ್ನೂ ಐತೆ."

ಅವರು ಕನ್ನಡಕ ತೆಗೆದು ಮಡಿಸಿಟ್ಟರು. ಬಹಳ ದೊಡ್ಡ ವ್ಯಾಜ್ಯದ ತೀರ್ಪು ಕೊಡುವವರಂತೆ ಕೆಮ್ಮಿದರು. "ಹಂಗಾರೆ ನೀವು ಬರ್ದಿಲ್ಲ," ಎಂದು, ಒಳಗೆ ತಿರುಗಿ ಕೂಗಿದರು: "ಬೀಗ್ರು ಬಂದಾರೆ, ಮಂಡಕ್ಕಿ ಹಚ್ಚಿಕೊಂಡು ಬರ್ರಿ."

ಮಂಡಕ್ಕಿ ಬಂತು, ಮೆಣಸಿನಕಾಯಿ ಬೋಂಡ ಬಂತು. ಅವುಗಳ ಹಿಂದೆ ಭಾವಿ ಅಳಿಯಂದಿರೂ ಬಂದು, ಬರಿತಲೆಯಲ್ಲಿ ನನ್ನ ಎದುರಿಗೇ ಕೂತರು. ಅವರು ಎದ್ದು ಹೋಗುವವರೆಗೂ ನಾನು ತಟ್ಟೆಯಲ್ಲಿದ್ದ ಒಂದೊಂದು ಮಂಡಕ್ಕಿಯನ್ನೂ ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.